ಉಪವಾಸವಿದ್ದ ಹೊಲ

ಜೇವರ್ಗಿ
22 ಮೇ 2023

ಸುಭದ್ರಾಬಾಯಿಯವರಿಗೆ ನಮಸ್ಕಾರ.

ಕಿವಿ ಮಂದವಾಗಿರುವುದರಿಂದ ಫೋನಿನಲ್ಲಿ ಅರ್ಧ ಕೇಳಿಸುತ್ತದೆ, ಉಳಿದರ್ಧ ಊಹೆ ಮಾಡಿಕೊಳ್ಳುತ್ತೇನೆ ಎಂದಿರಿ. ಗೊಬ್ಬರದ ವಿಷಯದಲ್ಲಿ ಊಹೆ ಬೇಡವೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಕೇಂದ್ರದ ದಿಲೀಪ ನಿಮ್ಮ ಹೊಲದಲ್ಲಿ ಗೂಟ ಹೊಡೆದು ಮೂರು ಪಟ್ಟಿ ಗುರುತಿಸಿದ್ದಾನೆ. ಮೂರಕ್ಕೂ ಒಂದೇ ತೊಗರಿ ಬೀಜ, ಒಂದೇ ದಿನದ ಬಿತ್ತನೆ. ಮೊದಲನೆಯದಕ್ಕೆ ಅಂಗಡಿಯ ಡಿಎಪಿ. ಎರಡನೆಯದಕ್ಕೆ ಇಲ್ಲಿ ಜೇವರ್ಗಿಯ ಸರ್ಕಾರಿ ಕೇಂದ್ರದಲ್ಲಿ ನಾವು ಮಾಡಿರುವ ಹೊಸ ರಂಜಕದ ಗೊಬ್ಬರ. ಮೂರನೆಯದು ಕಂಟ್ರೋಲ್, ಅದಕ್ಕೆ ಏನೂ ಇಲ್ಲ. ಗೊಬ್ಬರ ಹಾಕಿದ ಹೊಲ ಎಷ್ಟು ಗೆದ್ದಿತು ಎಂದು ತಿಳಿಯಬೇಕಾದರೆ ಹಾಕದ ಹೊಲವೂ ಪಕ್ಕದಲ್ಲಿ ಇರಬೇಕು.

ಡಿಎಪಿ ಹಡಗಿನಲ್ಲಿ ಬರುವ ಮಾಲು. ಬಿತ್ತುವ ವಾರದಲ್ಲಿ ಅದು ಬಾರದೆ ಆಳಂದದ ಅಂಗಡಿಗಳ ಮುಂದೆ ಪಾಳಿ ಹಚ್ಚಿ ನಿಂತವರು ನೀವು. ನಮ್ಮದು ಕಲ್ಲಿನ ಪುಡಿ, ಅಫಜಲಪುರದ ಕಡೆಯ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಕಲ್ಲನ್ನು ಕರಗಿಸುವ ಜೀವಾಣು, ಇಷ್ಟನ್ನು ಕೂಡಿಸಿ ಕಟ್ಟಿದ ಕಾಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಎರಡೆರಡು ವರ್ಷ ಗೆದ್ದರೆ ಸಮಿತಿ ಇದನ್ನು ರೈತರಿಗೆ ಕೊಡಲು ಒಪ್ಪುತ್ತದೆ. ಒಂದು ತಾಲೂಕು ತಪ್ಪಿದರೂ ಒಪ್ಪುವುದಿಲ್ಲ. ಆಳಂದ ತಾಲೂಕಿಗೆ ಇರುವುದು ನಿಮ್ಮ ಹೊಲ ಒಂದೇ.

ಪಲ್ಲವಿ


ಮಟಕಿ
18 ಅಕ್ಟೋಬರ್ 2023

ಪಲ್ಲವಿ ಮೇಡಂ ಅವರಿಗೆ ಸುಭದ್ರಾಬಾಯಿಯ ಶರಣು.

ಮೊದಲ ಎರಡು ಪಟ್ಟಿ ನನ್ನ ಎದೆಮಟ್ಟ ಬಂದಿವೆ. ಡಿಎಪಿ ಯಾವುದು, ನಿಮ್ಮ ಗೊಬ್ಬರ ಯಾವುದು ಎಂದು ಗೂಟ ನೋಡದೆ ಹೇಳಲಾರೆ. ನಿಮಗೆ ಇದು ಸಂತೋಷದ ಸುದ್ದಿ ಎಂದುಕೊಂಡಿದ್ದೇನೆ.

ಮೂರನೆಯದನ್ನು ನೋಡಲಾಗುತ್ತಿಲ್ಲ. ಗಿಡ ಮೊಳಕಾಲು ದಾಟಿಲ್ಲ, ಎಲೆಯಲ್ಲಿ ಕಳೆಯಿಲ್ಲ. ನಮ್ಮ ಯಜಮಾನರು ಆಳಂದದ ಬಟ್ಟೆ ಅಂಗಡಿ ಬಿಟ್ಟು ಹೊಲಕ್ಕೆ ಬರುವುದೇ ಅಪರೂಪ. ಮೊನ್ನೆ ಬಂದವರು ದಿನ್ನೆ ಹತ್ತಿ ನಿಂತು, "ಏ ಸುಭದ್ರಾ, ಇದೇನು ಮಲತಾಯಿ ಮಗನ ಸಾಕಾಕತ್ತೀದಿ?" ಎಂದು ಕೂಗಿದರು. ಆ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.

ನಮ್ಮ ಮನೆಯಲ್ಲಿ ಉಣ್ಣದವರನ್ನು ಎದುರಿಗೆ ಕೂಡಿಸಿಕೊಂಡು ಉಣ್ಣುವ ರೂಢಿ ಇಲ್ಲ. ಅದೇ ಮಣ್ಣು, ಅದೇ ಮಳೆ. ಎರಡಕ್ಕೆ ಬಡಿಸಿ ಒಂದನ್ನು ಸುಮ್ಮನೆ ಕೂಡಿಸಿದ ಹಾಗೆ ಆಗುತ್ತಿದೆ. ಒಂದು ಹಿಡಿ ಹಾಕಿದರೆ ನಡೆಯುವುದಿಲ್ಲವೇ?

ಸುಭದ್ರಾಬಾಯಿ


ಜೇವರ್ಗಿ
3 ನವೆಂಬರ್ 2023

ಸುಭದ್ರಕ್ಕನವರಿಗೆ,

ಒಂದು ಹಿಡಿಯೂ ನಡೆಯುವುದಿಲ್ಲ. ನಿಮ್ಮ ಪತ್ರ ಓದಿ ಮಾತ್ರ ಮನಸ್ಸು ಕರಗಿತು. ನನ್ನ ಜತೆಯ ವಿಜ್ಞಾನಿಗಳಲ್ಲಿ ಯಾರೂ ಕಂಟ್ರೋಲ್ ಪಟ್ಟಿಗಾಗಿ ನೊಂದುಕೊಂಡದ್ದನ್ನು ನಾನು ಕಂಡಿಲ್ಲ.

ಆ ಹೊಲಕ್ಕೆ ಯಾರೂ ಅನ್ನ ತಪ್ಪಿಸಿಲ್ಲ ಅಕ್ಕ. ಅದು ಉಪವಾಸ ಹಿಡಿದಿದೆ ಎಂದುಕೊಳ್ಳಿ. ಸೋಮವಾರ ನೀವು ಉಪವಾಸವಿದ್ದಾಗ ಯಾರಾದರೂ ನಿಮ್ಮ ಮೇಲೆ ಕನಿಕರಪಡುತ್ತಾರೆಯೇ? ಗೌರವದಿಂದ ನೋಡುತ್ತಾರೆ. ಅದನ್ನೂ ಹಾಗೆಯೇ ನೋಡಿ.

ಪಲ್ಲವಿ


ಮಟಕಿ
20 ಜನವರಿ 2024

ಪಲ್ಲವಿಗೆ ಶರಣು.

ಮೇಡಂ ಎಂದು ಬರೆದು ಹೊಡೆದುಹಾಕಿದೆ. ನೀನೇ ಅಕ್ಕ ಎಂದ ಮೇಲೆ ಇನ್ನೇನು.

ರಾಶಿ ಆಯಿತು. ದಿಲೀಪ ಮೂರೂ ಪಟ್ಟಿಯ ಕಾಳು ತೂಗಿ ಬರೆದುಕೊಂಡು ಹೋದ. ಉಪವಾಸದ ಪಟ್ಟಿ ಉಳಿದವುಗಳ ಅರ್ಧವೂ ಕೊಡಲಿಲ್ಲ. ಉಪವಾಸ ಎಂಬ ಮಾತು ಒಳ್ಳೆಯದಾಯಿತು. ಈಗ ಆಳುಗಳೂ ಹಾಗೆಯೇ ಅನ್ನುತ್ತಾರೆ. ಅಲ್ಲಿ ಕೊಯ್ಯುವಾಗ ಒಬ್ಬಾಕೆ, "ಮುಟ್ಟಿ ನಮಸ್ಕಾರ ಮಾಡ್ರಿ, ಮಡೀಲೆ ಅದ" ಎಂದು ಎಲ್ಲರನ್ನೂ ನಗಿಸಿದಳು.

ಬೇಸಿಗೆಯಲ್ಲಿ ನೀನೇ ಬಾ. ಮನೆಯಲ್ಲಿ ಉಳಿದುಕೋ. ಕಾಗದದಲ್ಲಿ ಮಾತಾಡುವುದಕ್ಕಿಂತ ಎದುರಿಗೆ ಕೂತರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತೇನೆ.

ಸುಭದ್ರಾಬಾಯಿ


ಜೇವರ್ಗಿ
27 ಮೇ 2024

ಶ್ರೀಮತಿ ಸುಭದ್ರಾಬಾಯಿ ಅವರಿಗೆ,

ಇದೇ 23ರಂದು ಮಣ್ಣಿನ ಮಾದರಿ ತೆಗೆಯಲು ನಾನು ಮತ್ತು ದಿಲೀಪ ಮಟಕಿಗೆ ಬಂದಿದ್ದೆವು. ಬದುವಿನ ಮೇಲೆಯೇ ನಮ್ಮನ್ನು ನಿಲ್ಲಿಸಿ, "ಒಳಗ ಬರಬ್ಯಾಡ್ರಿ, ಮಣ್ಣು ನಾನೇ ಕಳಸ್ತೇನಿ" ಎಂದಿರಿ. ಮನೆಗೂ ಕರೆಯದೆ ಬೇವಿನ ಮರದ ಕೆಳಗೆ ಎಲೆಯಲ್ಲಿ ಊಟ ಬಡಿಸಿದಿರಿ. ಊಟ ಚೆನ್ನಾಗಿತ್ತು. ಕೃತಜ್ಞತೆಗಳು.

ನೀವು ಕಳುಹಿಸಿದ ಮಣ್ಣು ತಲುಪಿದೆ. ಈ ವರ್ಷದ ಬೀಜ, ಗೊಬ್ಬರ ದಿಲೀಪನ ಕೈಯಲ್ಲಿ ಬರುತ್ತವೆ. ನಾನು ಬರುವ ಅಗತ್ಯ ಕಾಣುವುದಿಲ್ಲ.

ಪಲ್ಲವಿ


ಮಟಕಿ
9 ಜೂನ್ 2024

ಪಲ್ಲವಿ ಮೇಡಂ ಅವರಿಗೆ ಶರಣು.

ನಿಮ್ಮ ಕಾಗದ ಓದಿದ ಕೂಡಲೇ ತಿಳಿಯಿತು, ನಿಮಗೆ ಎಲ್ಲ ಗೊತ್ತಾಗಿದೆ ಎಂದು. ನೀವು ಓದಿದವರು, ಬದುವಿನ ಮೇಲೆ ನಿಂತೇ ಅರ್ಥ ಮಾಡಿಕೊಂಡಿರಿ. ಅಲ್ಲಿ ನಿಮ್ಮ ಮುಖ ನೋಡಿಯೇ ನನಗೆ ಅಳುಕಿತ್ತು.

ಏನು ಮಾಡಲಿ. ನಮ್ಮಲ್ಲಿ ಅತ್ತೆಯವರ ಕಾಲದಿಂದ, ಅವರ ಅತ್ತೆಯ ಕಾಲದಿಂದ ನಡೆದುಕೊಂಡು ಬಂದದ್ದು. ಕಾಲ ಬದಲಾಗಿದೆ ಎಂದು ನನಗೂ ಗೊತ್ತು. ಆದರೂ ಕೈಯಾರೆ ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಯಜಮಾನರು ಅಂದರು, "ಆಕಿ ತಿಳಿದಾಕಿ ಅದಾಳ, ಮುಚ್ಚಿಡಬ್ಯಾಡ, ಹೇಳಿಬಿಡು." ನನ್ನಿಂದ ಹೇಳುವುದಾಗಲಿಲ್ಲ. ಸಿಟ್ಟಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಸುಭದ್ರಾಬಾಯಿ


ಜೇವರ್ಗಿ
24 ಜೂನ್ 2024

ಸುಭದ್ರಾಬಾಯಿ ಅವರಿಗೆ,

ಬೈಯುವ ಪ್ರಶ್ನೆಯಿಲ್ಲ. ನಿಮ್ಮ ಪದ್ಧತಿ ನಿಮಗೆ. ನಾನು ಅದನ್ನು ಇಂದು ಮೊದಲ ಸಲ ನೋಡುತ್ತಿಲ್ಲ. ಇದರ ಬಗ್ಗೆ ಮತ್ತೆ ಬರೆಯುವುದು ಬೇಡ. ಪಟ್ಟಿಗಳ ವಿವರ ಮಾತ್ರ ಸಾಕು.

ಪಲ್ಲವಿ


ಮಟಕಿ
6 ಜುಲೈ 2024

ಪಲ್ಲವಿ ಮೇಡಂ ಅವರಿಗೆ ಶರಣು.

ನಿಮ್ಮ ಪದ್ಧತಿ ನಿಮಗೆ ಎಂದು ಬರೆದಿರಿ. ಆ ಒಂದು ಮಾತಿಗೆ ನನ್ನ ಮನಸ್ಸು ಹಗುರಾಯಿತು. ನೀವು ದೊಡ್ಡ ಮನಸ್ಸಿನವರು. ಯಜಮಾನರಿಗೂ ಓದಿ ಹೇಳಿದೆ. ಅವರೂ ಸಮಾಧಾನಪಟ್ಟರು.

ಬಿತ್ತನೆ ಆಯಿತು. ಮೂರೂ ಪಟ್ಟಿಯಲ್ಲಿ ಮೊಳಕೆ ಚೆನ್ನಾಗಿದೆ.

ಸುಭದ್ರಾಬಾಯಿ


ಜೇವರ್ಗಿ
30 ಜನವರಿ 2025

ಸುಭದ್ರಾಬಾಯಿ ಅವರಿಗೆ,

ಜುಲೈ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ.

ಎರಡನೆಯ ವರ್ಷದ ರಾಶಿಯ ಲೆಕ್ಕ ಬಂದಿದೆ. ಅಫಜಲಪುರದಲ್ಲೂ ಜೇವರ್ಗಿಯಲ್ಲೂ ಹೊಸ ಗೊಬ್ಬರ ಗೆದ್ದಿದೆ. ಮಟಕಿಯಲ್ಲಿ ಮಾತ್ರ ಏನೂ ಹಾಕದ ಪಟ್ಟಿ ಉಳಿದೆರಡರ ಸಮಕ್ಕೆ ಬೆಳೆದಿದೆ. ಇದನ್ನು ಹೀಗೆಯೇ ಸಮಿತಿಯ ಮುಂದಿಟ್ಟರೆ ಅವರು ಹೇಳುವುದು ಒಂದೇ: ನಿಮ್ಮ ಗೊಬ್ಬರ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಸಮಿತಿ ಕೂಡುವುದು ಮಾರ್ಚ್ ತಿಂಗಳಲ್ಲಿ. ಇದುವರೆಗೆ ನಿಮಗೆ ಹೇಳಿರಲಿಲ್ಲ, ಅಲ್ಲಿ ಒಪ್ಪಿಗೆ ಸಿಗದಿದ್ದರೆ ನಮ್ಮ ಕೇಂದ್ರ ಮುಚ್ಚುತ್ತದೆ. ಆರು ವರ್ಷ ನಾನು ಕಲ್ಲಿನ ಪುಡಿಯಲ್ಲಿ ಕೈಯಿಟ್ಟು ಕೂತದ್ದು ಈ ಕಾಳಿಗಾಗಿ.

ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮೂರನೆಯ ಪಟ್ಟಿಗೆ ಏನಾದರೂ ಹಾಕಿದಿರಾ?

ಪಲ್ಲವಿ


ಮಟಕಿ
8 ಫೆಬ್ರವರಿ 2025

ಪಲ್ಲವಿ ಮೇಡಂ ಅವರಿಗೆ ಶರಣು.

ನಿಮ್ಮ ಪ್ರಶ್ನೆ ಓದಿ ದಿಕ್ಕು ತಪ್ಪಿದಂತಾಯಿತು. ನಿಮಗೆ ಗೊತ್ತಿತ್ತಲ್ಲ? ಗೊತ್ತಿದ್ದೇ ಒಪ್ಪಿದಿರಲ್ಲ? ಕುರಿಯ ವಿಷಯ.

ಮೊದಲಿನಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ಮಾಳಪ್ಪ ಎಂಬ ಕುರಿಗಾರ ಹಿಂಡು ಹೊಡೆದುಕೊಂಡು ಈ ಕಡೆ ಬರುತ್ತಾನೆ. ರಾತ್ರಿ ಹೊಲದಲ್ಲಿ ಕುರಿ ಮಲಗಿಸಿಕೊಂಡರೆ ಆ ವರ್ಷ ಬೆಳೆ ಹುಲುಸು. ನಮ್ಮ ಮನೆಯಲ್ಲಿ ಅದು ಯಾವಾಗಲೂ ನಡೆದುಕೊಂಡು ಬಂದದ್ದು. ನೀವು ಗೂಟ ಹೊಡೆದ ವರ್ಷವೂ ಅದರ ಹಿಂದಿನ ಎರಡು ವರ್ಷವೂ ಅವನು ಬೇರೆ ದಾರಿ ಹಿಡಿದಿದ್ದ. ಮರುವರ್ಷ ಬಂದ. "ಅಕ್ಕಾರ, ಈ ಸಲ ಯಾವ ಕಡಿ ಮಲಗಸ್ಲಿ?" ಎಂದು ಕೇಳಿದ. ನನ್ನ ಕಣ್ಣು ಆ ಪಟ್ಟಿಯ ಕಡೆ ಹೋಯಿತು.

ಚೀಲದ ಗೊಬ್ಬರ ಒಂದು ಕಾಳೂ ಹಾಕಿಲ್ಲ, ಶರಣರ ಆಣೆ. ಆದರೆ ಅದು ಉಪವಾಸ ಹಿಡಿದಿದೆ ಎಂದು ನೀವೇ ಬರೆದಿದ್ದಿರಿ. ಉಪವಾಸವಿದ್ದವರಿಗೆ ಅನ್ನ, ರೊಟ್ಟಿ ಇಲ್ಲ. ಫರಾಳ ನಡೆಯುತ್ತದೆ. ಸೋಮವಾರ ನಾನೂ ಶೇಂಗಾ, ಬಾಳೆಹಣ್ಣು, ಸಾಬೂದಾಣಿ ಖಿಚಡಿ ತಿನ್ನುತ್ತೇನೆ, ಅದರಿಂದ ಉಪವಾಸ ಕೆಡುವುದಿಲ್ಲ. ಡಿಎಪಿ ಅನ್ನವಾದರೆ ಕುರಿ ಫರಾಳ ಎಂದು ನನಗೆ ನಾನೇ ಹೇಳಿಕೊಂಡೆ. ಮಾಳಪ್ಪನಿಗೂ ಹೇಳಿದೆ. ಅವನು, "ನನ್ನ ಕುರಿಗೋಳು ಇಷ್ಟು ಮಡಿ ಅವ ಅಂತ ನನಗೇ ಗೊತ್ತಿದ್ದಿಲ್ರಿ" ಎಂದು ನಕ್ಕ.

ನೀವು ಬಂದ ದಿನ ಆ ಪಟ್ಟಿಯ ತುಂಬ ಹಿಕ್ಕೆ ಬಿದ್ದಿತ್ತು. ದಿನ್ನೆಯ ಆಚೆ ಇರುವುದರಿಂದ ಬದುವಿನಿಂದ ಕಾಣುವುದಿಲ್ಲ. ಮನೆಯ ದಾರಿ ಅದನ್ನು ದಾಟಿಯೇ ಹೋಗುತ್ತದೆ. ಫರಾಳದ ಮಾತು ಮಾಳಪ್ಪನ ಎದುರು ಸರಿಯಾಗಿ ಕಂಡಿತ್ತು. ನಿಮ್ಮನ್ನು ನೋಡಿದ ಕೂಡಲೇ ಧೈರ್ಯ ಹೋಯಿತು. ಮನೆಯಲ್ಲಿ ಹೋಳಿಗೆ ಮಾಡಿಟ್ಟಿದ್ದೆ. ಅದನ್ನೇ ಮರದ ಕೆಳಗೆ ತಂದೆ. ಕಳುಹಿಸಿದ ಮಣ್ಣು ಆ ಪಟ್ಟಿಯದೇ, ಸುಳ್ಳಲ್ಲ. ನಿಮ್ಮ ಲ್ಯಾಬಿನಲ್ಲಿ ಹೊಲಸಾಗಬಾರದೆಂದು ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ ಹಿಕ್ಕೆ ಆರಿಸಿ ತೆಗೆದಿದ್ದೆ.

ನಿಮ್ಮ ಪದ್ಧತಿ ನಿಮಗೆ ಎಂದು ಬರೆದಿರಲ್ಲ, ಅದು ಕುರಿಯ ಮಾತಲ್ಲವಾದರೆ ಯಾವುದರ ಮಾತು?

ಸುಭದ್ರಾಬಾಯಿ


ಜೇವರ್ಗಿ
16 ಫೆಬ್ರವರಿ 2025

ಅಕ್ಕಾ,

ಆ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ವಾರ ಹಿಡಿಯಿತು.

ನನ್ನ ಅವ್ವ ಮರೆಮ್ಮ ಹರೆಯದಲ್ಲಿ ಜೇವರ್ಗಿಯ ಸುತ್ತಿನ ಹೊಲಗಳಲ್ಲಿ ಕೂಲಿ ಮಾಡಿದವಳು. ಆ ಹೊಲಗಳ ಮಣ್ಣೆಲ್ಲ ಅವಳ ಕೈಯಲ್ಲಿ ಆಡಿದೆ. ಆ ಮನೆಗಳ ಹೊಸ್ತಿಲು ಅವಳು ದಾಟಿಲ್ಲ. ಊಟ ಬೇವಿನ ಮರದ ಕೆಳಗೆ, ಎಲೆಯಲ್ಲಿ. ನಾನು ಚಿಕ್ಕವಳಿದ್ದಾಗ ಅವಳ ಪಕ್ಕದಲ್ಲಿ ಕೂತು ಉಂಡಿದ್ದೇನೆ. ಈಗ ನಿಮಗೆ ತಿಳಿಯಿತಲ್ಲ, ಯಾವುದರ ಮಾತು ಎಂದು.

ನಿಮ್ಮ ಜೂನ್ ಪತ್ರವನ್ನು ತೆಗೆದು ಮತ್ತೆ ಓದಿದೆ. ಅತ್ತೆಯ ಕಾಲದಿಂದ ನಡೆದು ಬಂದದ್ದು, ಬಿಡಲು ಮನಸ್ಸು ಬರಲಿಲ್ಲ. ಒಂದೊಂದು ಮಾತೂ ನನಗೆ ಇನ್ನೊಂದಾಗಿ ಕೇಳಿಸಿತ್ತು. ಜುಲೈಯಲ್ಲಿ ಮನಸ್ಸು ಹಗುರಾಯಿತು ಎಂದು ನೀವು ಬರೆದಾಗ, ಎಂಥ ದಪ್ಪ ಚರ್ಮದ ಹೆಂಗಸು ಎಂದುಕೊಂಡಿದ್ದೆ. ಕ್ಷಮಿಸಿ.

ಮಟಕಿಯಿಂದ ಬಂದ ದಿನವೇ ಅವ್ವನಿಗೆ ಹೇಳಿದ್ದೆ. ಅವಳು ಕೇಳಿದ್ದು ಒಂದೇ ಮಾತು, "ಯಾಕ ಅಂತ ಕೇಳಿದೇನು ಬೇ?" ಕೇಳುವುದೇನಿದೆ ಎಂದೆ. "ನನ್ನ ನಿಲ್ಲಿಸಿದವ್ರು ಬಾಯಿ ಬಿಟ್ಟು ಹೇಳೇ ನಿಲ್ಲಿಸ್ಯಾರ. ಹೋಳಿಗಿ ಮಾಡಿ ನಿಲ್ಲಿಸಿಲ್ಲ" ಎಂದಳು. ನಾನು ಎದ್ದು ಒಳಗೆ ಹೋದೆ.

ಇನ್ನು ಕೆಲಸದ ಮಾತು. ಹೋದ ವರ್ಷದ ಅಂಕಿಯನ್ನೇ ಮೂರನೆಯ ಪಟ್ಟಿಗೆ ಬರೆದುಬಿಡೋಣ ಎಂದ ದಿಲೀಪ. ಅವನಿಗೂ ಈ ಕೇಂದ್ರ ಅನ್ನ. ಬೇಡ ಎಂದೆ. ನಾಳೆ ಆ ಕಾಳು ನಂಬಿ ಬಿತ್ತುವವರು ನಿಮ್ಮಂಥವರೇ. ಮಟಕಿಯ ಈ ವರ್ಷದ ಲೆಕ್ಕ ಕೆಟ್ಟಿದೆ, ಕುರಿ ಮಲಗಿದ್ದವು ಎಂದು ಸಮಿತಿಗೆ ಬರೆಯುತ್ತೇನೆ, ಇನ್ನೊಂದು ವರ್ಷ ಕೇಳುತ್ತೇನೆ. ಕೊಡುತ್ತಾರೋ ಇಲ್ಲವೋ ತಿಳಿಯದು. ನಿಮ್ಮ ಹೆಸರು ಬರೆಯುವುದಿಲ್ಲ. ಉಪವಾಸ ಎಂಬ ಮಾತು ನನ್ನದೇ.

ಕೊಟ್ಟರೆ ಹೊಸ ಪಟ್ಟಿ ಬೇಕು. ಕುರಿ ಮಲಗಿದ ನೆಲದಲ್ಲಿ ಆ ಸತ್ವ ಇನ್ನೆರಡು ವರ್ಷ ಉಳಿಯುತ್ತದೆ. ಇಷ್ಟು ವರ್ಷದಲ್ಲಿ ಕುರಿ ಕಾಲಿಡದ ತುಂಡು ನಿಮ್ಮಲ್ಲಿ ಇದೆಯೇ? ಇದ್ದರೂ ಮತ್ತೆ ಒಂದು ನೆಲವನ್ನು ಹಸಿದಿರಿಸಲು ನಿಮ್ಮಿಂದ ಆಗುತ್ತದೆಯೇ? ಆಗದು ಎಂದರೆ ನನಗೆ ಬೇಸರವಿಲ್ಲ.

ಪಲ್ಲವಿ


ಮಟಕಿ
2 ಮಾರ್ಚ್ 2025

ತಂಗಿ ಪಲ್ಲವಿಗೆ ಸುಭದ್ರಾಬಾಯಿಯ ಶರಣು.

ನಿನ್ನ ಕಾಗದವನ್ನು ಯಜಮಾನರ ಎದುರು ಓದಲಿಲ್ಲ. ಒಬ್ಬಳೇ ಓದಿದೆ.

ನನಗೆ ನೋವಾಯಿತು, ಸಿಟ್ಟು ಬರಲಿಲ್ಲ. ನೀನು ತಪ್ಪು ತಿಳಿದೆ ಎಂದು ಹೇಗೆ ಹೇಳಲಿ. ಮಟಕಿಯಲ್ಲಿ ಒಬ್ಬರನ್ನು ಬದುವಿನ ಮೇಲೆ ನಿಲ್ಲಿಸಿದರೆ ಅದಕ್ಕೆ ಬೇರೆ ಅರ್ಥ ಯಾರಿಗೆ ಹೊಳೆಯುತ್ತದೆ? ಕುರಿ ಎಂದು ಹೊಳೆಯುವುದೇ ಇಲ್ಲ. ಹಿಕ್ಕೆ ಮುಚ್ಚಿಡುವ ಗಡಿಬಿಡಿಯಲ್ಲಿ ನಿನ್ನನ್ನು ಎಲ್ಲಿ ಕೂಡಿಸುತ್ತಿದ್ದೇನೆ ಎಂದು ನಾನು ನೋಡಲಿಲ್ಲ. ನಮ್ಮ ಮನೆಯವರು ಅದನ್ನು ನೋಡದೆ ಬದುಕಬಹುದು, ನಿನಗೆ ಹಾಗೆ ಬದುಕಲಾಗುವುದಿಲ್ಲ. ಅಷ್ಟು ಮಾತ್ರ ನನಗೆ ಈಗ ತಿಳಿದದ್ದು.

ಪಟ್ಟಿ ಇದೆ. ಆಳಂದದ ರಸ್ತೆಗೆ ಹತ್ತಿದ ತುಂಡು. ಲಾರಿಗಳ ಸದ್ದಿಗೆ ಕುರಿ ಬೆದರುತ್ತವೆಂದು ಮಾಳಪ್ಪ ಅಲ್ಲಿ ಎಂದೂ ಮಲಗಿಸಿಲ್ಲ. ಆದರೆ ಊರಿಗೆ ಹೋಗಿ ಬರುವವರೆಲ್ಲ ನೋಡುವುದು ಅದನ್ನೇ. ಅಲ್ಲಿ ಬೆಳೆ ಸೊರಗಿದರೆ ಸುಭದ್ರಾಬಾಯಿಗೆ ಒಕ್ಕಲುತನ ಬರುವುದಿಲ್ಲ ಎನ್ನುತ್ತಾರೆ. ಅನ್ನಲಿ. ನನಗೆ ಹೇಗೂ ಕೇಳಿಸುವುದಿಲ್ಲ.

ಈ ಸಲ ಉಪವಾಸ ಅನ್ನಬೇಡ. ನನ್ನ ತಲೆ ಅದಕ್ಕೊಂದು ದಾರಿ ಹುಡುಕುತ್ತದೆ. ಏನು ಮಾಡಬಾರದು ಎಂಬುದನ್ನೆಲ್ಲ ಹೆಸರು ಹೇಳಿ ಬರೆ.

ಸುಭದ್ರಾಬಾಯಿ


ಜೇವರ್ಗಿ
29 ಮಾರ್ಚ್ 2025

ಅಕ್ಕಾ,

ಒಂದು ವರ್ಷ ಕೊಟ್ಟರು. ಸಮಿತಿಯಲ್ಲಿ ಒಬ್ಬರು ಕುರಿಯ ಮಾತಿಗೆ ನಕ್ಕರು. ಇನ್ನೊಬ್ಬರು ನಗಲಿಲ್ಲ, ಹಿರಿಯರು. "ಲೆಕ್ಕ ಕೆಟ್ಟದ್ದನ್ನು ತಾವೇ ಬಂದು ಹೇಳಿದವರು ಇವರೊಬ್ಬರೇ" ಎಂದರು. ಇದೇ ಕೊನೆಯ ಅವಕಾಶ.

ನೀವು ಹೇಳಿದಂತೆ ಹೆಸರು ಹೇಳಿ ಬರೆಯುತ್ತೇನೆ. ಆ ತುಂಡಿಗೆ ಸಗಣಿ ಬೇಡ, ಬೂದಿ ಬೇಡ, ಕುರಿ, ಆಡು, ಎಮ್ಮೆ ಬೇಡ, ಮನೆಯ ಕಸ ಬೇಡ, ಎಳ್ಳಮಾಸಿಯ ದಿನ ಭೂತಾಯಿಗೆಂದು ಚರಗದ ಅನ್ನ ಚೆಲ್ಲುವುದಿದ್ದರೆ ಅದೂ ಬೇರೆ ಕಡೆ. ಕನಿಕರ ಒಂದು ನಡೆಯುತ್ತದೆ.

ಪಲ್ಲವಿ


ಮಟಕಿ
11 ಜನವರಿ 2026

ತಂಗಿ ಪಲ್ಲವಿಗೆ ಶರಣು.

ನಡುವೆ ಬರೆಯಲಿಲ್ಲ. ಬರೆಯಲು ಕೂತರೆ ಒಂದು ಹಿಡಿ ಹಾಕಲೇ ಎಂದು ಮತ್ತೆ ಕೇಳಿಬಿಡುತ್ತೇನೆಂಬ ಹೆದರಿಕೆ.

ಮಾಳಪ್ಪ ಮೇ ತಿಂಗಳಲ್ಲಿ ಬಂದಿದ್ದ. ಈ ಸಲ ಹೊಲಕ್ಕೇ ಬೇಡಪ್ಪ, ಮುಂದಕ್ಕೆ ಹೋಗು ಎಂದೆ. "ಏನ್ರಿ ಅಕ್ಕಾರ, ನನ್ನ ಕುರಿ ಮಡಿ ಕೆಟ್ಟಾವೇನು?" ಎಂದ. ಅವನ ತಲೆಗೆ ನಿನ್ನ ಲೆಕ್ಕ ತುಂಬಲು ಒಂದು ಚಹಾ ಸಾಲಲಿಲ್ಲ.

ಭಾದ್ರಪದದ ಹೊತ್ತಿಗೆ ರಸ್ತೆಯ ತುಂಡು ಕುಗ್ಗಿತು. ದಾರಿಯಲ್ಲಿ ಜನ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಂಗಡಿಯಲ್ಲಿ ಜಹೀರುದ್ದೀನ ಎಂಬ ಹಳೆಯ ಗಿರಾಕಿ, "ಸಾವಕಾರ್ರೇ, ಬಾಯಾರ ತಬ್ಯೇತ್ ಸರಿ ಅದನ? ಹೊಲಾ ನೋಡಿದ್ರ ಹಂಗ ಕಾಣವಲ್ದು" ಎಂದನಂತೆ. ಯಜಮಾನರು ಮನೆಗೆ ಬಂದು ಊಟಕ್ಕೆ ಕೂತು ನನ್ನ ಮುಖ ನೋಡಿ ಜೋರಾಗಿ ಅಂದರು, "ನಾಳೆ ಒಂದು ಬುಟ್ಟಿ ಗೊಬ್ಬರ ಒಗೀತೇನಿ ನೋಡು, ಯಾರಿಗೂ ತಿಳಿಯೂದಿಲ್ಲ." ನಾನು ತಾಟಿನ ಮುಂದಿನಿಂದ ಎದ್ದೆ. ಅವರು ಒಗೆಯಲಿಲ್ಲ. ಆದರೂ ಅಲ್ಲಿಂದ ನಾನು ದಿನಾ ಸಂಜೆ ರಸ್ತೆಯವರೆಗೆ ಹೋಗಿ ಬರುತ್ತಿದ್ದೆ. ಯಾರನ್ನು ಕಾಯುತ್ತಿದ್ದೆ ಎಂದರೆ, ಹೆಚ್ಚು ನನ್ನನ್ನೇ.

ನಿನ್ನೆ ರಾಶಿ. ದಿಲೀಪ ತೂಗಿದ. ನಿನ್ನ ಗೊಬ್ಬರದ ಪಟ್ಟಿಯ ಮೂರು ಚೀಲಕ್ಕೆ ರಸ್ತೆಯ ತುಂಡಿನಿಂದ ಒಂದು ಚೀಲವೂ ತುಂಬಲಿಲ್ಲ. ಅವನು ತಕ್ಕಡಿ ಬಿಟ್ಟು ನನ್ನ ಕಾಲು ಮುಟ್ಟಲು ಬಂದ. ಬೆಳೆ ಕೆಟ್ಟದ್ದಕ್ಕೆ ಕಾಲು ಮುಟ್ಟಿಸಿಕೊಂಡವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಯಜಮಾನರು, "ಹೊಲಾ ಸೋತದ, ಈಕಿ ನಗಾಕತ್ತಾಳ" ಎಂದರು. ನಗುತ್ತಿದ್ದದ್ದು ಹೌದು. ಕಣ್ಣಲ್ಲಿ ನೀರೂ ಇತ್ತು. ಅದು ಅವರಿಗೆ ಕಾಣಲಿಲ್ಲ.

ಸುಭದ್ರಾಬಾಯಿ


ಜೇವರ್ಗಿ
19 ಫೆಬ್ರವರಿ 2026

ಅಕ್ಕಾ,

ಮಂಜೂರಾಯಿತು. ಮೂರು ತಾಲೂಕಿಗೂ. ಈ ಮುಂಗಾರಿಗೆ ಮೊದಲ ಚೀಲಗಳು ಹೊರಡುತ್ತವೆ.

ಸುದ್ದಿ ಕೇಳಿ ಕೇಂದ್ರದಲ್ಲಿ ಎಲ್ಲರೂ ಪೇಢೆ ಹಂಚಿದರು. ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ. "ಆ ಹೋಳಿಗಿ ಮಾಡಿದಾಕಿಗಿ ಹೇಳಿದೇನು?" ಎಂದಳು. ಪತ್ರ ಬರೆಯುತ್ತೇನೆ ಎಂದೆ. "ಪತ್ರ ಬರದು ಬರದೇ ಅಲ್ಲೇನು ನೀವಿಬ್ಬರು ಒಂದು ವರ್ಷ ಕೆಡಿಸಿದ್ದು?" ಎಂದು ಕೇಳಿ, ತನ್ನ ಸೀರೆ ಮಡಚಿ ಚೀಲಕ್ಕಿಟ್ಟಳು.

ಹಾಗಾಗಿ ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೇವೆ. ಎರಡು ದಿನ ನಿಮ್ಮ ಮನೆಯಲ್ಲೇ ಉಳಿಯುತ್ತೇವೆ. ಈ ಕಾಗದ ಬರುವ ಹೊತ್ತಿಗೆ ನಾವು ಒಳಗೆ ಕೂತು ಮಾತಾಡುತ್ತಿರುತ್ತೇವೆ. ಅಂಚೆಯವನು ಬಾಗಿಲಲ್ಲಿ ಕೂಗಿದರೆ ನಿಮಗೆ ಕೇಳಿಸುವುದಿಲ್ಲ, ನಾನೇ ಎದ್ದು ಹೋಗಿ ತೆಗೆದುಕೊಳ್ಳುತ್ತೇನೆ.

ಪಲ್ಲವಿ